ರೀಕನ್ಸಿಡರ್ ಎಂದ ಹುಡುಗಿ

ಎಪ್ಪತ್ತರ ದಶಕದಲ್ಲಿ ನಾನು ಬಸವಕಲ್ಯಾಣ ಬಿಟ್ಟು ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕೆಲಸ ತಾತ್ಕಾಲಿಕ. ಒಂದು ದಿನ ಒಂಬತ್ತನೆಯ ತರಗತಿಗೆ ಕೆಲವು ಕ್ರಿಯಾಪದ ಹೇಳಿಕೊಟ್ಟೆ. ಒಮ್ಮೆ ನೋಡಿದ್ದನ್ನು ಪೂರ್ತಿ ಮತ್ತೊಮ್ಮೆ ನೋಡಿದರೆ ರಿವ್ಯೂ. ನೋಡಿ ಬದಲಿಸಿದರೆ ರಿವೈಸ್. ಮಾಡಿದ ನಿರ್ಧಾರದ ಬಗ್ಗೆ ಮತ್ತೆ ಯೋಚಿಸಿದರೆ ರೀಕನ್ಸಿಡರ್. ಯೋಚಿಸಿದ ಮೇಲೂ ನಿರ್ಧಾರ ಹಾಗೇ ಉಳಿಯಬಹುದು.

"ಹಂಗಾದ್ರ ರೀಕನ್ಸಿಡರ್ ಮಾಡ್ರಿ ಅಂತ ಕೇಳಿ ಏನ್ ಫಾಯ್ದಾರಿ ಸರ್?" ಎಂದಳು ಕುರಿಗಾರರ ಮನೆಯ ಹುಡುಗಿ.

ನಿರ್ಧಾರ ಮಾಡಿದವರ ಕಣ್ಣಿಗೆ ಮೊದಲ ಸಲ ಬೀಳದ್ದು ಏನಾದರೂ ಮುಂದಿಟ್ಟರೆ ಫಾಯ್ದಾ ಇದೆ ಎಂದೆ.

ಅದೇ ಚಳಿಗಾಲ ಅವಳ ಅಪ್ಪ ಹಳ್ಳಿಖೇಡದ ಕಡೆ ಹಿಂಡು ಹೊಡೆದುಕೊಂಡು ಹೋದ. ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ, ಅಂದರೆ ಕೂಡಿಹಾಕಿ ನಿಲ್ಲಿಸುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ತಾಯಿ ಹಾಸಿಗೆ ಹಿಡಿದಿದ್ದರಿಂದ ಅಡುಗೆಗೆಂದು ಹುಡುಗಿಯೂ ಹೋಗಬೇಕಾಯಿತು. ಮರಳಿ ಬಂದಾಗ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಹಾಜರಿ ಸಾಲದು, ಪರೀಕ್ಷೆಗೆ ಕೂಡಿಸುವುದಿಲ್ಲ ಎಂದರು ಹೆಡ್‌ಮಾಸ್ತರರು. ಇನ್ನೊಂದು ವರ್ಷ ಒಂಬತ್ತರಲ್ಲೇ ಓದಿಸಲು ತನ್ನಿಂದಾಗದು, ಕುರಿಯ ಹಿಂದೆಯೇ ಇರಲಿ ಎಂದ ಅಪ್ಪ.

ಒಂದು ಪ್ರಯತ್ನ ಮಾತ್ರ ಮಾಡಿದ. ನಮ್ಮ ಕಡೆ ಯಾರ ಮನಸ್ಸನ್ನಾದರೂ ತಿರುಗಿಸಬೇಕಾದರೆ ಒಬ್ಬರೇ ಹೋಗುವುದಿಲ್ಲ, ತೂಕದ ಮನುಷ್ಯರನ್ನು ಮುಂದೆ ಮಾಡಿಕೊಂಡು ಹೋಗುತ್ತಾರೆ. ಹಾಗೆ ಹೋದರೆ ಎದುರಿನವರಿಗೆ ಮರ್ಯಾದೆ ಕೊಟ್ಟಂತೆ. ಬಸವಕಲ್ಯಾಣದಲ್ಲಿ ನನ್ನ ತಂದೆಯೂ ಹೀಗೇ ಮಾಡುತ್ತಿದ್ದರು. ಕುರಿಗಾರ ತಾನು ಹಿಂಡು ತರುಬಿದ ಹೊಲದ ಮಾಲಕರನ್ನು ಹೆಡ್‌ಮಾಸ್ತರರ ಕೋಣೆಗೆ ಕರೆತಂದ. ದೊಡ್ಡ ರುಮಾಲಿನ ಆ ಮನುಷ್ಯ ಕುರ್ಚಿಯಲ್ಲಿ ಕೂತು ತಮ್ಮ ಜಮೀನು, ಬೀಗರು, ಪರಿಚಯದ ಅಧಿಕಾರಿಗಳು ಎಲ್ಲವನ್ನೂ ನಿಧಾನವಾಗಿ ಹೇಳಿ, ಕೊನೆಗೆ ತಮ್ಮ ಮಾತು ನಡೆಸಿಕೊಡಬೇಕು ಎಂದರು. ಹೆಡ್‌ಮಾಸ್ತರರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಅವರ ಕಿವಿಗೆ ಅದು ಬೆದರಿಕೆಯಾಗಿ ಕೇಳಿಸಿತು.

"ಇಂಥದ್ದಕ್ಕೆಲ್ಲ ನಾನು ಬಗ್ಗೋನಲ್ಲ. ಮುಗೀತು, ಹೊರಡಿ."

ಹಾಜರಿ ಪುಸ್ತಕ ಹಿಡಿದು ನಾನು ಗೋಡೆಯ ಪಕ್ಕ ನಿಂತಿದ್ದೆ. ಮಾಲಕರ ಮುಖ ಕಪ್ಪಿಟ್ಟಿತು. ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಆಗ ಬಾಗಿಲಲ್ಲಿದ್ದ ಹುಡುಗಿ ಒಳಗೆ ಬಂದಳು.

"ಸರ್, ಪ್ಲೀಸ್ ರೀಕನ್ಸಿಡರ್," ಎಂದಳು. ಆಮೇಲೆ ಕನ್ನಡದಲ್ಲಿ ಹೇಳಿದಳು: "ಹಾಜರಿ ಕಡಿಮಿ ಅದ, ಖರೇರಿ. ಪಾಠ ಬಿಟ್ಟಿಲ್ರಿ. ಕುರಿ ಕಾಯ್ಕೋತ ಓದೇನಿ. ಬೇಕಾದ್ದು ಕೇಳ್ರಿ."

ಹೆಡ್‌ಮಾಸ್ತರರು ಅವಳನ್ನು ನೋಡಿದರು. ಹೋಗು ಎನ್ನಲಿಲ್ಲ. ಅವರು ಗಣಿತದವರು, ಒಂದು ಪ್ರಮೇಯ ಕೇಳಿದರು. ಹೇಳಿದಳು. ಬೀಜಗಣಿತದ ಲೆಕ್ಕ ಕೊಟ್ಟರು. ಕಪ್ಪು ಹಲಗೆಯ ಮೇಲೆ ಬಿಡಿಸಿ, ನಡುವೆ ತಪ್ಪಿದ್ದನ್ನು ತಾನೇ ಒರೆಸಿ ಸರಿ ಮಾಡಿದಳು. ಮಾಲಕರು ಮೆಲ್ಲಗೆ ಮತ್ತೆ ಕೂತರು. ಅವರಿಗೆ ಏನೂ ತಿಳಿಯುತ್ತಿರಲಿಲ್ಲ, ಆದರೂ ಪ್ರತಿ ಉತ್ತರಕ್ಕೆ ತಲೆದೂಗಿದರು. ಬೇಕಾದ್ದಕ್ಕಿಂತ ಹೆಚ್ಚೇ ಪ್ರಶ್ನೆ ಕೇಳಿದ ಹೆಡ್‌ಮಾಸ್ತರರು ಕೊನೆಗೆ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನನ್ನ ನಿರ್ಧಾರ ರಿವೈಸ್ ಮಾಡಿದ್ದೀನಿ. ಪರೀಕ್ಷೆಗೆ ಕೂರಲಿ."

ಅಂಗಳದಲ್ಲಿ ಮಾಲಕರು ರುಮಾಲು ಸರಿಪಡಿಸಿಕೊಂಡು, "ನಾ ಬಂದು ಕುಂತೆ ಅಂದ್ರ ಕೆಲಸ ಆಗೇ ಆಗ್ತದ," ಎಂದರು.

"ಹೌದ್ರಿ ಮಾಲಕ್ರ, ಲೆಕ್ಕಾನೂ ನೀವೇ ಬಿಡಿಸಿದ್ರಿ," ಎಂದಳು ಹುಡುಗಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಪರೀಕ್ಷೆಯ ಮುಂಜಾನೆ ಅವಳ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟವನು ನಾನು. ಕಿಟಕಿಯಾಚೆ, ಶಾಲೆಯ ಬೇವಿನ ನೆರಳಲ್ಲಿ, ಇಡೀ ಹಿಂಡಿನೊಡನೆ ಅವಳ ಅಪ್ಪ ನಿಂತಿದ್ದ. ಕುರಿ ಅಟ್ಟಿ ಬಾ ಎಂದು ಜವಾನನನ್ನು ಕಳಿಸಿದ ಹೆಡ್‌ಮಾಸ್ತರರು, ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ, ಇರಲಿ ಬಿಡು ಎಂದು ವಾಪಸ್ ಕರೆದರು.