ಗಾಜಿಗೂ ಉಸಿರಾಡಲು ಜಾಗ ಬೇಕು

ಬೀದಿಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಹೊಕ್ಕರೆ, ಕಂಬಳಿ ಹಾಸಿದ ಉದ್ದನೆಯ ಮೇಜಿನ ಮುಂದೆ ಗಾಜಣ್ಣ ಕಣ್ಣು ಮುಚ್ಚಿ ನಿಂತಿದ್ದಾರೆ. ತುಟಿ ಮಾತ್ರ ಅಲುಗುತ್ತಿದೆ. ಮೇಜಿನ ಮೇಲೆ ಆಳೆತ್ತರದ ಗಾಜಿನ ಹಾಳೆ. ಪ್ರಾರ್ಥನೆ ಮುಗಿಸಿ, ಗಾಜು ಕೊಯ್ಯುವ ಕಟ್ಟರಿನ ಮೂತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ತಮ್ಮ ಬಲಗೈಯನ್ನೊಮ್ಮೆ ನೋಡಿಕೊಳ್ಳುತ್ತಾರೆ. ಅದು ಸಣ್ಣಗೆ ನಡುಗುತ್ತಿದೆ.

"ಇವತ್ತೊಂದಿನ ಸುಮ್ನಿರಪ್ಪಾ," ಎಂದು ಕೈಗೇ ಹೇಳುತ್ತಾರೆ.

"ಇಷ್ಟು ವರ್ಷ ನಾನು ಹೇಳಿದ್ದು ನಿಮ್ಮ ಕಿವಿಗೇ ಹೋಗಿಲ್ಲ. ಇನ್ನು ನೀವು ಹೇಳಿದ್ದು ಕೈ ಕೇಳುತ್ತಾ?" ಚಹಾದ ಲೋಟ ಹಿಡಿದು ಒಳಬಾಗಿಲಲ್ಲಿ ನಿಂತ ಹೆಂಡತಿಯ ಮಾತಿದು.

ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಬಾಗಿಲಿಗೆ ಚಿಲಕವೇ ಇಲ್ಲ. ಒಗ್ಗರಣೆಯ ಘಾಟು ಈಚೆಗೆ, ಗಾಜು ಕೊಯ್ಯುವ ಸದ್ದು ಆಚೆಗೆ. ಹೆತ್ತವರು ಇಟ್ಟ ಹೆಸರನ್ನು ಊರು ಎಂದೋ ಮರೆತಿದೆ. ಎಲ್ಲರಿಗೂ ಇವರು ಗಾಜಣ್ಣ. ಕಿಟಕಿಯ ಗಾಜು, ಮುಖ ನೋಡುವ ಕನ್ನಡಿ, ತೀರಿಹೋದವರ ಫೋಟೊಗೆ ಕಟ್ಟು, ಎಲ್ಲಕ್ಕೂ ಜನ ಇಲ್ಲಿಗೇ ಬರುತ್ತಾರೆ. ವ್ಯಾಪಾರ ಹೇಗೆ ಎಂದು ಕೇಳಿದರೆ ನಗುತ್ತಾರೆ: "ಚೆಂಡಾಡೋ ಮಕ್ಕಳಿಗೆ ಆಯಸ್ಸು ಕೊಡಪ್ಪಾ ಅಂತ ದಿನಾ ಬೇಡ್ಕೋತೀನಿ. ಅಂಗಡಿ ನಡೀತಿರೋದು ಅವರಿಂದ್ಲೇ."

ಮೀಸೆ ಚಿಗುರುವ ಮೊದಲೇ ತಂದೆಯನ್ನು ಕಳೆದುಕೊಂಡವರು. ಗಾಜನ್ನು ಬೆನ್ನಿಗೆ ಕಟ್ಟಿಕೊಂಡು ಬೀದಿ ಬೀದಿ ತಿರುಗಿ, ತಂಗಿಯರನ್ನು ದಡ ಸೇರಿಸಿದರು. ಬೆರಳುಗಳ ಮೇಲೆಲ್ಲ ಹಳೆಯ ಗಾಯದ ಬಿಳಿ ಗೆರೆಗಳಿವೆ. ಹೋದ ವರ್ಷ ಬಂದ ಒಂದು ಜ್ವರ ಹೋಗುವಾಗ ಈ ನಡುಕವನ್ನು ಬಿಟ್ಟುಹೋಯಿತು. ಅಂದಿನಿಂದ ಚಿಲ್ಲರೆ ಕೆಲಸವೆಲ್ಲ ಸೊಸೆಯದು. ಮದುವೆಯಾಗಿ ಬಂದ ಹೊಸತರಲ್ಲಿ ಗಾಜಿನ ಚೂರು ಗುಡಿಸುತ್ತಿದ್ದವಳು, ಗುಡಿಸಿದ ಚೂರುಗಳ ಮೇಲೆಯೇ ಕೊಯ್ಯುವುದನ್ನು ಕಲಿತಳು. ಕೊಯ್ದ ಗಾಜನ್ನು ಗಾಡಿಯಲ್ಲಿಟ್ಟು ಮನೆಮನೆಗೆ ಮುಟ್ಟಿಸುವುದು ಮಗನ ಕೆಲಸ.

ಆದರೆ ಪ್ರಾರ್ಥನಾ ಮಂದಿರದ ಕಿಟಕಿಗಳನ್ನು ಗಾಜಣ್ಣ ಯಾರಿಗೂ ಬಿಟ್ಟುಕೊಟ್ಟಿಲ್ಲ. "ನಂಗೆ ಹಾಡೋಕೆ ಬರಲ್ಲ. ನಾನು ಬಾಯ್ಬಿಟ್ರೆ ಪಕ್ಕದೋರೂ ರಾಗ ಮರೀತಾರೆ. ಅದಕ್ಕೇ ಕಿಟಕಿ ಹಾಕ್ತೀನಿ. ಮೇಲಿರೋನಿಗೆ ಕೊಡೋಕೆ ನನ್ಹತ್ರ ಇನ್ನೇನಿದೆ?"

ಮೊನ್ನೆಯ ಗಾಳಿಗೆ ಮರದ ಕೊಂಬೆ ಬಿದ್ದು ಮೂಡಣ ದಿಕ್ಕಿನ ದೊಡ್ಡ ಕಿಟಕಿ ಪುಡಿಯಾಯಿತು. ಟಾರ್ಪಾಲು ಕಟ್ಟಿದ ಕತ್ತಲಲ್ಲಿ ಜನ ಕೂತು ಪ್ರಾರ್ಥಿಸುತ್ತಿದ್ದಾರೆ. ಗಾಜಣ್ಣನ ಕೈಯದೇ ಆಗಬೇಕು ಎಂದು ಮಂದಿರದ ಹಿರಿಯರು ಹೇಳಿ ಕಳಿಸಿದ್ದಾರೆ. ಆ ಅಳತೆಗೆ ಅಂಗಡಿಯಲ್ಲಿರುವುದು ಇದೊಂದೇ ಹಾಳೆ. ಗಾಜಿನ ಮೇಲೆ ಗೀರು ಎಳೆಯುವುದು ಒಂದೇ ಸಲ. ಅದೇ ಗೀರಿನ ಮೇಲೆ ಮತ್ತೆ ಹೋದರೆ ಗಾಜು ಮುನಿಸಿಕೊಂಡು ಮನಸ್ಸಿಗೆ ಬಂದ ಕಡೆ ಒಡೆಯುತ್ತದೆ.

ಗಾಜಣ್ಣ ಉಸಿರು ಬಿಗಿಹಿಡಿದು ಕಟ್ಟರನ್ನು ಅಂಚಿಗೆ ತರುತ್ತಾರೆ.

"ಮಾವ, ಒಂದ್ನಿಮಿಷ."

ಗೀರು ನೇರ ಬರಲೆಂದು ಗಾಜಿನ ಮೇಲಿಟ್ಟ ಮರದ ಪಟ್ಟಿಯನ್ನು ಎದುರು ತುದಿಯಲ್ಲಿ ಒತ್ತಿ ಹಿಡಿದ ಸೊಸೆ, ಕೊಯ್ಯಬೇಕಾದ ಗುರುತಿನತ್ತ ನೋಡುತ್ತಿದ್ದಾಳೆ. "ಚೌಕಟ್ಟಿನ ಅಳತೆಗೆ ಸರಿಯಾಗಿ ಗುರುತು ಹಾಕಿದ್ದೀರಿ. ಸಡಿಲ ಬಿಟ್ಟಿಲ್ಲ."

"ದೇವರ ಕಿಟಕಿ ಕಣಮ್ಮಾ. ಕೂದಲೆಳೆಯಷ್ಟೂ ಸಂದು ಇರಬಾರ್ದು ಅಂತ..."

"ಬಿಸಿಲಿಗೆ ಗಾಜು ಹಿಗ್ಗುತ್ತೆ, ಅದಕ್ಕೂ ಉಸಿರಾಡೋಕೆ ಜಾಗ ಬೇಕು ಅಂತ ಕಲ್ಸಿದ್ದು ನೀವೇ ಅಲ್ವಾ ಮಾವ? ದೇವರ ಕಿಟಕಿಗೂ ಬಿಸಿಲು ಬೀಳುತ್ತಲ್ಲ."

ಬಿಗಿದು ಕೂರಿಸಿದ್ದರೆ ಒಂದು ಹಗಲು ಮುಗಿಯುವುದರೊಳಗೆ ಸೀಳು ಬಿಡುತ್ತಿತ್ತು ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತು. ಗಾಜಣ್ಣ ಗುರುತನ್ನು ಅಳಿಸಿ, ಒಂದಿಷ್ಟು ಒಳಗೆ ಹೊಸದು ಹಾಕಿ, ಮೇಜನ್ನು ಸುತ್ತಿಬಂದು ಕಟ್ಟರನ್ನು ಸೊಸೆಯ ಕೈಗಿಡುತ್ತಾರೆ.

"ನಾನಾ? ಇರೋದು ಒಂದೇ ಹಾಳೆ ಮಾವ!"

"ಗೊತ್ತು."

"ಒಡೆದ್ರೆ?"

"ಒಡೆದ್ರೆ ಇಬ್ರೂ ಸೇರಿ ನಿಮ್ಮತ್ತೆ ಹತ್ರ ಬೈಸ್ಕೊಳ್ಳೋಣ. ನಂಗೆ ಅಭ್ಯಾಸ ಇದೆ, ನಿಂಗೂ ಆಗುತ್ತೆ."

ಪಟ್ಟಿಯ ಮೇಲೆ ಎರಡೂ ಕೈಯೂರಿ ಮೈಭಾರ ಬಿಡುತ್ತಾರೆ ಗಾಜಣ್ಣ. ಭಾರ ಬಿದ್ದೊಡನೆ ನಡುಕ ನಿಲ್ಲುತ್ತದೆ. ಸೊಸೆ ಗೀರು ಎಳೆದಂತೆ ಹೊಸ ಬಟ್ಟೆ ಹರಿದಂಥ ಸದ್ದು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಅಂಚನ್ನು ಮೆಲ್ಲಗೆ ಒತ್ತಿದರೆ, ಟಕ್! ಗೀರಿನುದ್ದಕ್ಕೂ ನೇರವಾಗಿ ಬಿಡಿಸಿಕೊಂಡು ಬರುತ್ತದೆ ಗಾಜು. ಬಾಗಿಲಲ್ಲಿದ್ದ ಅತ್ತೆ ಅಷ್ಟು ಹೊತ್ತು ಬಿಗಿಹಿಡಿದ ಉಸಿರು ಬಿಟ್ಟು, "ಚಹಾ ತಣ್ಣಗಾಯ್ತು, ಇನ್ನೊಂದ್ಸಲ ಕಾಯಿಸ್ತೀನಿ" ಎಂದು ಒಳಗೆ ಹೋಗುತ್ತಾರೆ.

ಕೈ ಸೋತದ್ದಕ್ಕೆ ಕಟ್ಟರನ್ನು ಸೊಸೆಗೆ ಕೊಟ್ಟಿರಾ ಎಂದು ಕೇಳಿದರೆ ಗಾಜಣ್ಣ ಅಲ್ಲವೆಂದು ತಲೆಯಾಡಿಸುತ್ತಾರೆ. "ಕೈ ನಡುಗಿದ್ದಕ್ಕಲ್ಲ. ನಂಗೆ ಕಾಣದ್ದು ಅವಳಿಗೆ ಕಾಣ್ತಲ್ಲ, ಅದಕ್ಕೆ."

ಬಿಸಿಲೇರುವ ಹೊತ್ತಿಗೆ ಮಂದಿರದ ಮೂಡಣ ಕಿಟಕಿ ಸಿದ್ಧವಾಗಿದೆ. ಒಳಬಂದ ಹಿರಿಯರು, ನೆಲದ ಮೇಲೆ ಹರಡಿದ ಬೆಳಕನ್ನು ನೋಡಿ, "ಟಾರ್ಪಾಲು ತೆಗೆದ್ರಲ್ಲ, ಗಾಜು ಯಾವಾಗ ಹಾಕ್ತೀರಿ?" ಎನ್ನುತ್ತಾ ಕೈಚಾಚುತ್ತಾರೆ. ಬೆರಳು ಗಾಜಿಗೆ ತಾಗಿ ಬೆಚ್ಚುತ್ತಾರೆ. ಆಮೇಲೆ ಮಗುವಿನಂತೆ ನಗುತ್ತಾರೆ. "ನಿಮ್ಮ ಕೈ ಇನ್ನೂ ಹಾಗೇ ಇದೆ ಬಿಡಿ, ಗಾಜಣ್ಣ!"

ಗಾಜಣ್ಣ ಹೆಗಲ ಮೇಲಿನ ವಸ್ತ್ರದಿಂದ ಆ ಬೆರಳಿನ ಗುರುತನ್ನು ಒರೆಸುತ್ತಾರೆ.

"ಕೊಯ್ದಿದ್ದು ನನ್ನ ಸೊಸೆ," ಎನ್ನುತ್ತಾರೆ. "ನಾನು ಪಟ್ಟಿ ಹಿಡ್ಕೊಂಡಿದ್ದೆ."