ದೇವರ ಮನೆಯ ರೂಟರು

ನಾನು ಹಟ ಹಿಡಿದರೆ ಬಿಡುವವಳಲ್ಲ ಅನ್ನುವುದು ನಮ್ಮ ಮನೆಯವರಿಗೆ ಬಹಳ ಹಿಂದೆಯೇ ಗೊತ್ತಾಗಿದೆ. ಈ ಸಲ ಹಿಡಿದದ್ದು ವೈಫೈ ಮೇಲೆ. ಕಾರಣವಿಷ್ಟೆ: ಗಡಿಯಾಚೆ ವಯನಾಡಿನ ಕೆಲವರು ಕನ್ನಡ ಕಲಿಯಬೇಕಂತೆ, ಫೋನಿನಲ್ಲೇ ಕಲಿಸುವವರು ಬೇಕಂತೆ. ಶನಿವಾರ ಬೆಳಿಗ್ಗೆ ಒಂದು ಪಾಠ ಮಾಡಿ ತೋರಿಸಿ, ಒಪ್ಪಿಗೆಯಾದರೆ ಕೆಲಸ ನಿಮ್ಮದು ಅಂದರು. ಐವತ್ತು ದಾಟಿದ ಮೇಲೆ ನನ್ನ ಜೀವನದ ಮೊದಲನೇ ಉದ್ಯೋಗ. ಬಿಡುವುದುಂಟೇ?

ಆದರೆ ಗುಂಡ್ಲುಪೇಟೆಯ ನಮ್ಮ ಹಜಾರದಲ್ಲಿ ಕೂತು ಪರೀಕ್ಷೆಗೆಂದು ತಂಗಿಗೆ ವಿಡಿಯೋ ಕರೆ ಮಾಡಿದರೆ, ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಹೋಯಿತಂತೆ. ಅವಳು ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದಾಳೆ.

ಅಲ್ಲಿಂದ ಶುರುವಾಯಿತು ನನ್ನ ವಿದ್ಯಾಭ್ಯಾಸ. ಮೊದಲು ತಿಳಿದದ್ದು, ವೈಫೈ ಬೇರೆ, ಇಂಟರ್ನೆಟ್ ಬೇರೆ. ಇಂಟರ್ನೆಟ್ ಪುರಸಭೆ ಬಿಡುವ ನೀರು, ವೈಫೈ ನಮ್ಮ ಮನೆಯೊಳಗಿನ ನಲ್ಲಿ. ನಲ್ಲಿ ಹೊಳೆಯುತ್ತಿದ್ದ ಮಾತ್ರಕ್ಕೆ ನೀರು ಬರಬೇಕೆಂದೇನಿಲ್ಲ. ಬ್ಯಾಂಡ್‌ವಿಡ್ತ್ ಅಂದರೆ ಒಂದೇ ಸಲಕ್ಕೆ ಎಷ್ಟು ಸಾಗಬಹುದು ಅನ್ನುವ ಅಗಲ. ಐಪಿ ವಿಳಾಸ ಪ್ರತಿಯೊಂದು ಫೋನಿಗೂ ಕೊಟ್ಟ ಮನೆ ನಂಬರು. ನನಗೆ ಬಂದದ್ದು ಪಕ್ಕದವರಿಗೆ ಹೋಗದಂತೆ ರೂಟರು ಅದನ್ನು ನೋಡಿ ಹಂಚುತ್ತದೆ. ಫೈರ್‌ವಾಲ್ ಅನ್ನುವುದೊಂದು ಅರ್ಥವೇ ಆಗಿರಲಿಲ್ಲ. ವಯನಾಡಿನ ದಾರಿಯಲ್ಲಿರುವ ಮದ್ದೂರಿನ ಚೆಕ್‌ಪೋಸ್ಟ್ ನೆನಪಾಯಿತು ನೋಡಿ, ತಟ್ಟನೆ ಹೊಳೆಯಿತು: ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವ ಗೇಟು. ಲೇಟೆನ್ಸಿ ಅಂದರೆ ನಾವು ಕೂಗುವುದಕ್ಕೂ ಅವರು ಓಗೊಡುವುದಕ್ಕೂ ನಡುವಿನ ಹೊತ್ತು. ನಮ್ಮ ಯಜಮಾನರನ್ನು ಊಟಕ್ಕೆ ಕರೆದು ನೋಡಿ, ತಿಳಿಯುತ್ತದೆ.

ಇಷ್ಟೆಲ್ಲ ಕಲಿತ ಮೇಲೆ ರೋಗದ ಮೂಲ ಸಿಕ್ಕಿತು. ವೈಫೈ ಅಲೆಗಳಿಗೆ ದಪ್ಪ ಗೋಡೆ ಅಂದರೆ ಆಗದು. ನಮ್ಮ ರೂಟರು ಇರುವುದೋ ದೇವರ ಮನೆಯಲ್ಲಿ, ಮೊಳದಗಲದ ಮಣ್ಣಿನ ಗೋಡೆಗಳ ನಡುವೆ. ಚಾಮರಾಜನಗರದಿಂದ ಅದನ್ನು ಜೋಡಿಸಲು ಬಂದಾತ ಎಲ್ಲಿಡಲಿ ಎಂದಾಗ, ಹರವೆ ಊರಿನ ಮಗಳಾದ ನಮ್ಮತ್ತೆ ಬೆಲೆಬಾಳುವ ವಸ್ತುವೆಂದು ಅಲ್ಲೇ ಇಡಿಸಿ, ಅದರ ಎರಡೂ ಕೊಂಬುಗಳಿಗೆ ವಿಭೂತಿ ಬಳಿದಿದ್ದರು.

“ಹಜಾರಕ್ಕೆ ತರ್ತೀನಿ ಅತ್ತೆ” ಅಂದೆ.

“ಪೂಜೆ ಮಾಡಿ ಮಡಗಿರೋದ್ನ ಅಲುಗಿಸ್ಬ್ಯಾಡ ಕನವ್ವ. ಬೇಕಾರೆ ನೀನೇ ಒಳೀಕೆ ಬಾ.”

ಹೋದೆ. ಶನಿವಾರ ದೀಪದ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪಾಠ ಮಾಡಿದೆ. ಒಂದು ಮಾತೂ ತುಂಡಾಗಲಿಲ್ಲ. ಅವರು ಒಪ್ಪಿದರು. ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಹೇಳಿದರು, ತರಗತಿ ದಿನಾ ಸಂಜೆ ಆರಕ್ಕೆ.

ಅತ್ತೆ ದೇವರ ಮನೆಯಲ್ಲಿ ಕೂತು ಇಷ್ಟಲಿಂಗಪೂಜೆ ಮಾಡುವ ಹೊತ್ತೂ ಅದೇ. ನಾನು ಈ ಮನೆಗೆ ಬಂದಾಗಿನಿಂದ ಅದು ತಪ್ಪಿದ್ದನ್ನು ಕಂಡಿಲ್ಲ. ಅವರ ಹಟದ ಮುಂದೆ ನನ್ನದು ಯಾವ ಲೆಕ್ಕ? ಕೆಲಸ ಹೋಯಿತು ಅಂದುಕೊಂಡೆ. ಆದರೂ ಬಿಡಬಾರದೆಂದು ಅವರೆದುರು ಹೋಗಿ ನಿಂತು ಇದ್ದದ್ದು ಇದ್ದಂಗೆ ಹೇಳಿದೆ.

ಅತ್ತೆ ವಿಭೂತಿಗಟ್ಟಿಯನ್ನೂ ನೀರಿನ ತಂಬಿಗೆಯನ್ನೂ ಎತ್ತಿಕೊಂಡರು.

“ನನ್ ಸಿವ ಅಂಗೈ ಮೇಲೇ ಅವ್ನೆ, ಎಲ್ಲಿ ಕುಂತ್ರೂ ಸಿಗ್ತಾನೆ. ನಿನ್ ಪಾಠ ಅಂಗಲ್ವಲ್ಲ. ನೀನು ಇಲ್ಲೇ ಕುಂತ್ಕ, ನಾನು ಜಗಲಿಗೆ ಓಯ್ತೀನಿ.”