ಒರೆಸದೆ ಬಿಟ್ಟ ಎಣ್ಣೆ

ಎರಡು ಸಾವಿರದ ಇಸವಿಗೆ ಇನ್ನೂ ಎರಡು ಮೂರು ವರ್ಷ ಇತ್ತು. ಯಲ್ಲದಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಕೈಯಿಂದ ಒತ್ತುವ ಬೋರಿಂಗ್ ಕೆಟ್ಟರೆ ಹಿರಿಯೂರಿನಿಂದ ಮೇಸ್ತ್ರಿ ಬರಲು ಹದಿನೈದು ದಿನ ಬೇಕು. ಅಷ್ಟೂ ದಿನ ಕೊಡ ಹೊತ್ತು ಹೊಲದ ಬಾವಿಗೆ ಅಲೆಯುವವರು ಹೆಂಗಸರು. ಹಾಗಾದರೆ ಹೆಂಗಸರಿಗೇ ರಿಪೇರಿ ಕಲಿಸೋಣ ಎಂದು ಸರ್ಕಾರದವರಿಗೆ ಅನ್ನಿಸಿತು. ನಮ್ಮೂರಿನಿಂದ ನಾನು ಸೇರಿದೆ. ನಲವತ್ತು ದಾಟಿತ್ತು, ಓದಿದ್ದು ಎರಡನೇ ಕ್ಲಾಸು. ಒಂದು ವರ್ಷ ಆ ಮೇಸ್ತ್ರಿಯ ಹಿಂದೆ ಪಾನಾ ಹೊತ್ತು ತಿರುಗಿದೆ.

ಕೊನೆಗೆ ಪರೀಕ್ಷೆ. ದುರ್ಗದಿಂದ ಇಂಜಿನಿಯರ್ ಬರುತ್ತಾರೆ. ಅವರ ಮುಂದೆ ನಮ್ಮ ಕೇರಿಯ ಬೋರಿಂಗ್ ಬಿಚ್ಚಿ, ಒಳಗಿನ ಚರ್ಮದ ವಾಷರ್ ಬದಲಾಯಿಸಿ, ಮತ್ತೆ ಕೂರಿಸಿ ನೀರು ತರಬೇಕು. ನಾಲ್ಕು ಗಂಟೆ ಟೈಮು. ಪಾಸಾದರೆ ಸಾಮಾನಿನ ಪೆಟ್ಟಿಗೆ ನನ್ನದು, ಸುತ್ತಲ ಹಳ್ಳಿಗಳ ಬೋರಿಂಗ್ ಕೆಲಸ ನನ್ನದು. ಇಲ್ಲದಿದ್ದರೆ ಕಳೆ ಕೀಳುವ ಕೂಲಿ ಇದ್ದೇ ಇತ್ತು. ಬಿಡಿಭಾಗಗಳ ಹೆಸರೂ ಬರೆಯಬೇಕಿತ್ತು. ಇದ್ದಲು ಹಿಡಿದು ಗೋಡೆಯ ಮೇಲೆ ತೀಡಿದೆ. ಸಿಲಿಂಡರ್ ಎಂದು ಬರೆಯುವುದಕ್ಕೇ ಒಂದು ವಾರ ಹಿಡಿಯಿತು.

ನಮ್ಮತ್ತೆಗೆ ಇದ್ಯಾವುದೂ ಸೇರುತ್ತಿರಲಿಲ್ಲ. "ಸೀರೆ ಎತ್ತಿ ಕಟ್ಟಿ ಕಬ್ಬಣ ಜಗ್ಗೋಳು ಯಾವ ಮನೆ ಸೊಸೆನೇ? ಹೊಸ್ತಿಲೊಳಗೆ ತರಬ್ಯಾಡ ಅದನ್ನ" ಎನ್ನುತ್ತಿದ್ದರು. ಕಲಿಯಲೆಂದು ಮೇಸ್ತ್ರಿ ಕೊಟ್ಟಿದ್ದ ಸಾಮಾನೆಲ್ಲ ದನದ ಕೊಟ್ಟಿಗೆಯಲ್ಲೇ ಇರುತ್ತಿತ್ತು.

ಪರೀಕ್ಷೆಗೆ ಮೂರು ದಿನ ಇತ್ತು. ಅವತ್ತು ಮೇಸ್ತ್ರಿ ಕೊನೆಯ ಸಲ ಕೆಲಸ ಮಾಡಿಸಿ ನೋಡುವವನಿದ್ದ. ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಪಾನಾ, ಕ್ಲಾಂಪು, ಎಲ್ಲಕ್ಕೂ ಅರಿಶಿನ ಕುಂಕುಮ. ಚೆನ್ನಾಗಿ ಹರಳೆಣ್ಣೆ ಹಚ್ಚಿ, ಮೇಲೊಂದು ಕಣಗಿಲೆ ಹೂವು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನತ್ತೆ ಇದು?"

"ಕಬ್ಬಣ ಮುಟ್ಟೋಳು ನೀನು. ಪೂಜೆ ಮಾಡ್ದೆ ಹೆಂಗ್ ಮುಟ್ತೀಯೇ? ಹೋಗು, ಹೊತ್ತಾಗ್ತೈತೆ."

ವರ್ಷವೆಲ್ಲ ಬೈದವರು ಪೂಜೆ ಮಾಡಿದ್ದರು. ಮೇಸ್ತ್ರಿ ನೋಡಿದರೆ ನಗುತ್ತಾನೆಂದು ಸಾಮಾನಿನ ಕುಂಕುಮವನ್ನು ಸೆರಗಿನಿಂದ ಒರೆಸಿದೆ. ಎಣ್ಣೆ ಹಾಗೇ ಉಳಿಯಿತು. ತುಕ್ಕು ಹಿಡಿಯದು, ಒಳ್ಳೆಯದೇ ಎಂದುಕೊಂಡೆ.

ಕ್ಲಾಂಪು ಎಂದರೆ ಬೋರಿಂಗ್ ಬಾಯಿಯ ಮೇಲೆ ಕೂತು ಪೈಪನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಕಬ್ಬಿಣ. ಮೇಲಿನ ಪೈಪು ಬಿಚ್ಚುವಾಗ ಕೆಳಗಿನದೆಲ್ಲ ಅದರ ಹಿಡಿತದಲ್ಲೇ ನೇತಾಡುತ್ತಿರುತ್ತದೆ. ನಮ್ಮ ಕೇರಿಯ ಬೋರಿಂಗಿಗೆ ಹನ್ನೆರಡು ಪೈಪು. ಮೇಸ್ತ್ರಿಯ ಮುಂದೆ ಬಿಚ್ಚತೊಡಗಿದೆ, ಮೂರು ಸಲೀಸಾಗಿ ಬಂದವು. ನಾಲ್ಕನೆಯದನ್ನು ತಿರುಗಿಸಿ ಬಿಚ್ಚಿ ಪಕ್ಕಕ್ಕೆ ಇಟ್ಟೆ, ಅಷ್ಟೇ. ಕ್ಲಾಂಪಿನ ಹಲ್ಲು ಜಾರಿತು. ಉಳಿದ ಎಂಟು ಪೈಪು, ಒಳಗಿನ ರಾಡು, ಸಿಲಿಂಡರ್ ಸಮೇತ ದಡದಡ ಇಳಿದವು. ಆ ಸದ್ದು ಭೂಮಿಯೊಳಗಿಂದ ಬಂದು ಅಂಗಾಲಿಗೆ ತಾಗಿತು. ಆಮೇಲೆ ಎಲ್ಲಾ ಗಪ್ಪು.

ಹೆಂಗಸರು ಕೊಡ ಹಿಡಿದು ಸುತ್ತ ನಿಂತಿದ್ದರು. ಕೇರಿಗೆ ಇದ್ದದ್ದು ಅದೊಂದೇ ಬೋರಿಂಗ್. ನಾನು ಬಗ್ಗಿ ಬೋರಿಂಗ್ ಬಾಯೊಳಗೆ ಇಣುಕಿದೆ.

ಮೇಸ್ತ್ರಿ ಕ್ಲಾಂಪನ್ನು ಮುಟ್ಟಿ, ಬೆರಳು ಮೂಸಿ ನೋಡಿದ. "ಹರಳೆಣ್ಣೆ! ಕ್ಲಾಂಪಿಗೆ ಯಾರಮ್ಮ ಎಣ್ಣೆ ಹಚ್ತಾರೆ? ತಲೆ ಬಾಚಿ ಜಡೆ ಹಾಕೋದೊಂದು ಬಿಟ್ಟಿದ್ದೀಯ!"

"ಪೂಜೆ ಮಾಡಿದ್ರು ಅಣ್ಣ. ಕುಂಕುಮ ಒರೆಸಿದ್ದೆ..."

"ಕುಂಕುಮ ಜಾರ್ತದಾ? ಎಣ್ಣೆ ಒರೆಸಾಕೆ ಏನಾಗಿತ್ತು ನಿಂಗೆ?"

ಹಚ್ಚಿದವರು ಅತ್ತೆ, ಅವರಿಗೆ ಗೊತ್ತಿಲ್ಲ. ಕಲಿತವಳು ನಾನು.

ಬಿದ್ದ ಪೈಪನ್ನು ಕಚ್ಚಿ ಎತ್ತುವ ಕೊಕ್ಕೆಯನ್ನು ಮರುದಿನ ಹಿರಿಯೂರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆವು. ಇಳಿಸುವುದು, ತಡಕುವುದು, ಎಳೆಯುವುದು. ಕಚ್ಚಿಕೊಂಡ ಹಾಗಾಗಿ ಬಿಟ್ಟುಬಿಡುತ್ತಿತ್ತು. ಆ ದಿನವೂ ಮರುದಿನವೂ ಹಾಗೇ ಹೋದವು. ಹೆಂಗಸರು ಹೊಲದ ಬಾವಿಗೆ ನನ್ನ ಮುಂದೆಯೇ ಹೋಗಿ ಬಂದರು. "ರಿಪೇರಿ ಮಾಡಾಕೆ ಕಲ್ತ್ಲು ನೋಡ್ರಿ, ಇದ್ದ ನೀರೂ ಹೋತು" ಎಂದಳು ಒಬ್ಬಳು. ಸುಳ್ಳೇನಲ್ಲ. ಎಣ್ಣೆಯ ವಿಷಯ ಕೇಳಿ ಅತ್ತೆ ಎರಡು ದಿನ ಊಟ ಬಿಟ್ಟು ಮೂಲೆಯಲ್ಲಿ ಕುಂತರು. ನಾನೂ ಸಮಾಧಾನ ಹೇಳಲಿಲ್ಲ, ಪುರುಸೊತ್ತು ಇರಲಿಲ್ಲ.

ಪರೀಕ್ಷೆಯ ದಿನ ಕೊಕ್ಕೆ ಕಚ್ಚಿತು. ಅರ್ಧದಷ್ಟು ಪೈಪುಗಳು ಮೇಲೆ ಬಂದಿದ್ದವು, ಆಗ ಇಂಜಿನಿಯರ್ ಜೀಪಿನಿಂದ ಇಳಿದರು. ಬೇವಿನ ಮರದಡಿ ಕುಂತು ಗಡಿಯಾರ ನೋಡಿದರು. ನಾನು ಎಳೆಯುತ್ತಲೇ ಇದ್ದೆ. ಸಿಲಿಂಡರ್ ಸೀಳಿತ್ತು, ಬೇರೆ ಹಾಕಿದೆವು. ಹೊತ್ತು ಇಳಿಯುವಾಗ ಮೊದಲು ಕೆಂಪು ನೀರು, ಆಮೇಲೆ ತಿಳಿನೀರು ಬಂತು.

"ಹೆಂಗೆ ಬಿತ್ತಮ್ಮ?" ಎಂದು ಇಂಜಿನಿಯರ್ ಕೇಳಿದರು.

"ಕ್ಲಾಂಪಿಗೆ ಎಣ್ಣೆ ಇತ್ತು ಸಾರ್. ನಾನು ಒರೆಸ್ಲಿಲ್ಲ."

ಹಾಳೆಯ ಮೇಲೆ ಏನೋ ಬರೆದರು. ಅಕ್ಷರ ಕೂಡಿಸಿಕೊಂಡು ಓದಿದೆ: ಫೇಲು. ಟೈಮು ಮೀರಿದೆ, ಒಂದು ತಿಂಗಳು ಬಿಟ್ಟು ಹೊರಕೆರೆದೇವಪುರಕ್ಕೆ ಬಾ, ಅಲ್ಲಿ ಇನ್ನೊಂದು ಪರೀಕ್ಷೆ ಐತೆ ಎಂದರು.

ಆ ತಿಂಗಳು ಕ್ಲಾಂಪನ್ನು ದಿನಾ ಬೂದಿ, ಸೀಗೆಪುಡಿ ಹಾಕಿ ತಿಕ್ಕಿದೆ. ಹೊರಡುವ ದಿನ ಅತ್ತೆ ಕೈಯಲ್ಲಿ ಹೂವು ಹಿಡಿದುಕೊಂಡು ದೂರದಲ್ಲೇ ನಿಂತರು.

"ಒಂದು ಹೂವಾದ್ರೂ ಇಡ್ಲೇನೇ?"

"ನನ್ ತಲಿಗೆ ಇಡ್ರಿ. ಅದಕ್ಕೆ ಬ್ಯಾಡ."

ಹೊರಕೆರೆದೇವಪುರದಲ್ಲಿ ಮೂರೂವರೆ ಗಂಟೆಯಲ್ಲಿ ನೀರು ತಂದೆ, ಪಾಸಾದೆ. ಖುಷಿಯಾಯಿತಾ ಎಂದು ಮೇಸ್ತ್ರಿ ಕೇಳಿದ. ಏನೂ ಅನ್ನಿಸಿರಲಿಲ್ಲ. ಪ್ರತಿ ಪೈಪು ಬಿಚ್ಚುವಾಗಲೂ ಕಿವಿಯೆಲ್ಲ ನೆಲದ ಕಡೆಗೇ ಇತ್ತು.